ಬಿರುಬೇಸಿಗೆಯಲ್ಲಿ ನಾಯಿಯ ಜೀವ ಕಾಯುವ ಬಗೆ

ಆ ದಿನ ಬೆಳಿಗ್ಗೆ ಇನ್ನೂ ಒಂಬತ್ತು ಗಂಟೆ ಆಗಿರಲಿಲ್ಲ. ಹಿಂದಿನ ವಾರದವರೆಗೂ ಚಳಿ ಇದ್ದುದರಿಂದ ಬಿಸಿಲಿನ ಕಡೆ ನನ್ನ ಗಮನವೇ ಇರಲಿಲ್ಲ. ನಮ್ಮ ರಾಜ, ಆರು ವರ್ಷದ ಕಪ್ಪು ಲ್ಯಾಬ್ರಡಾರ್, ಚೆಂಡು ಎಸೆದಾಗಲೆಲ್ಲ ಓಡಿಹೋಗಿ ತಂದು ಕಾಲ ಬಳಿ ಹಾಕುತ್ತಿದ್ದ. ಹತ್ತೋ ಹನ್ನೆರಡೋ ಸಲ ಆಗಿರಬೇಕು. ಕೊನೆಯ ಸಲ ಚೆಂಡನ್ನು ಅರ್ಧ ದಾರಿಯಲ್ಲೇ ಬಾಯಿಂದ ಉದುರಿಸಿ, ಮುಂಗಾಲುಗಳನ್ನು ಅಗಲಿಸಿ ನಿಂತುಬಿಟ್ಟ. ಹತ್ತಿರ ಹೋಗಿ ನೋಡಿದರೆ ನಾಲಿಗೆ ಎಂದಿನಂತಿರಲಿಲ್ಲ. ಉದ್ದಕ್ಕೆ ಜೋತುಬಿದ್ದು, ತುದಿ ಸೌಟಿನಂತೆ ಅಗಲವಾಗಿ, ಅಂಚು ಮೇಲಕ್ಕೆ ಮಡಿಸಿಕೊಂಡಿತ್ತು. ತುಟಿ ಎತ್ತಿ ನೋಡಿದೆ. ತಿಳಿಗುಲಾಬಿ ಇರಬೇಕಾದ ವಸಡು ಇಟ್ಟಿಗೆಯಂತೆ ಕೆಂಪಗಾಗಿತ್ತು. ಇಷ್ಟಾದರೂ ನನ್ನ ಕೈ ಚೆಂಡಿನತ್ತ ಹೋದ ಕೂಡಲೇ ಅವನ ಕಿವಿ ನಿಮಿರಿದವು. ಎಸೆದಿದ್ದರೆ ಮತ್ತೆ ಓಡುತ್ತಿದ್ದ.

ನೆರಳಿಗೆ ಕರೆದೊಯ್ದು ಮೈಮೇಲೆ ನೀರು ಸುರಿದೆ, ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡ. ಆದರೆ ಚೆಂಡು ಕಂಡೊಡನೆ ನಿಮಿರಿದ ಆ ಕಿವಿಗಳನ್ನು ನಾನು ಮರೆತಿಲ್ಲ. ನಾಯಿ ತನಗೆ ಸಾಕಾಯಿತೆಂದು ಹೇಳುವುದಿಲ್ಲ. ನಾವು ಕರೆದರೆ ಬರುತ್ತದೆ, ಎಸೆದರೆ ಓಡುತ್ತದೆ, ನಡೆದರೆ ಹಿಂದೆಯೇ ನಡೆಯುತ್ತದೆ. ಬೇಸಿಗೆಯಲ್ಲಿ ನಿಲ್ಲಿಸುವ ಕೆಲಸ ಪೂರ್ತಿ ನಮ್ಮದು. ಮುಂದೆ ಹೇಳುವ ಎಲ್ಲ ಹೆಜ್ಜೆಗಳ ಹಿಂದೆಯೂ ಈ ಮಾತೇ ಇದೆ.

ಬಿಸಿ ಹೊರಹೋಗಲು ಒಂದೇ ದೊಡ್ಡ ಬಾಗಿಲು

ನಮಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ, ಬೆವರು ಆರುವಾಗ ಮೈಯ ಬಿಸಿಯನ್ನೂ ಹೊತ್ತೊಯ್ಯುತ್ತದೆ. ನಾಯಿ ಈ ರೀತಿ ಬೆವರುವುದು ಅಂಗಾಲಿನಲ್ಲಿ ಮಾತ್ರ. ನಾಲ್ಕು ಪುಟ್ಟ ಪಾದಗಳ ಬೆವರಿನಿಂದ ಇಡೀ ಮೈ ತಂಪಾಗದು. ಆದ್ದರಿಂದ ಅದು ತೇಕುತ್ತದೆ. ಸುಮ್ಮನೆ ಮಲಗಿದಾಗ ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುವ ನಾಯಿ, ಮೈ ಕಾದಾಗ 200-300 ಸಲದವರೆಗೂ ತೇಕಬಲ್ಲದು. ಆಗ ನಾಲಿಗೆ, ಬಾಯಿ ಮತ್ತು ಮೂಗಿನ ಒಳಪೊರೆಯ ತೇವ ಆರುತ್ತದೆ, ಅಲ್ಲಿ ಹರಿಯುವ ರಕ್ತ ತಂಪಾಗಿ ಮೈಗೆ ಮರಳುತ್ತದೆ.

ಇದನ್ನು ಅರಿತರೆ ಮಿಕ್ಕ ಎಷ್ಟೋ ಸಂಗತಿಗಳು ತಾವಾಗಿ ಅರ್ಥವಾಗುತ್ತವೆ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ ಬಾಯಿಯ ತೇವ ಆರುವುದಿಲ್ಲ, ಎಷ್ಟು ತೇಕಿದರೂ ಫಲವಿಲ್ಲ. ಹಾಗಾಗಿ ಮೋಡ ಕವಿದ, ಗಾಳಿಯಾಡದ, ಮೈ ಅಂಟಂಟಾಗುವ ದಿನ ಒಣ ಬಿಸಿಲಿನ ದಿನಕ್ಕಿಂತ ಕೆಟ್ಟದಾಗಿರಬಹುದು. ಮೂಗು ಮೋಟಾಗಿರುವ ನಾಯಿಗೆ ಈ ಬಾಗಿಲೇ ಕಿರಿದು. ಬಾಯಿಯನ್ನು ಬಿಗಿಯಾಗಿ ಮುಚ್ಚುವ ಪಟ್ಟಿ ಕಟ್ಟಿದರೆ ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಕಚ್ಚುವ ಭಯದಿಂದ ಬಾಯಿಕುಕ್ಕೆ ಹಾಕಲೇಬೇಕಾದರೆ, ಒಳಗೆ ಬಾಯಿ ಪೂರ್ತಿ ತೆರೆಯಲು, ತೇಕಲು, ನೀರು ಕುಡಿಯಲು ಸಾಧ್ಯವಾಗುವಷ್ಟು ಅಗಲವಾದ ಬುಟ್ಟಿಯಾಕಾರದ್ದನ್ನೇ ಬಳಸಿ.

ಇನ್ನೊಂದು ಅಂಕಿ ನೆನಪಿರಲಿ. ನಾಯಿಯ ಸಹಜ ಮೈಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ನಮಗೆ ಜ್ವರ ಎನಿಸುವಷ್ಟು ಬಿಸಿ ಅದಕ್ಕೆ ಸಹಜವೇ. ಆದರೆ 41 ಡಿಗ್ರಿಯ ಆಸುಪಾಸಿಗೆ ಹೋದರೆ ಶಾಖಾಘಾತದ ಅಪಾಯ ಎದುರಿಗೇ ನಿಂತಿರುತ್ತದೆ. ಅದಕ್ಕೂ ಮೇಲೆ ಏರುತ್ತ ಹೋದಂತೆ ಮೆದುಳು, ಮೂತ್ರಪಿಂಡ, ಯಕೃತ್ತು, ಕರುಳು ಒಂದೊಂದಾಗಿ ಹಾನಿಗೊಳ್ಳುತ್ತವೆ. ಸಹಜ ಸ್ಥಿತಿಗೂ ಸಾವಿನ ಅಂಚಿಗೂ ನಡುವೆ ಇರುವುದು ಎರಡು ಮೂರು ಡಿಗ್ರಿಯ ಅಂತರ.

ಹೆಜ್ಜೆ 1: ನಿಮ್ಮ ನಾಯಿಗೆ ಎಷ್ಟು ಅಪಾಯ ಎಂದು ತೂಗಿ ನೋಡಿ

ಬೇಸಿಗೆ ಬರುವ ಮುನ್ನವೇ ಒಂದು ಸಂಜೆ ಕುಳಿತು ಮಾಡಬೇಕಾದ ಕೆಲಸವಿದು. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬಾಕ್ಸರ್, ಪೀಕಿಂಗೀಸ್‌ನಂತಹ ಚಪ್ಪಟೆ ಮೂತಿಯ ತಳಿಗಳು ಪಟ್ಟಿಯಲ್ಲಿ ಮೊದಲು ಬರುತ್ತವೆ. ಬ್ರಿಟನ್ನಿನಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ನಾಯಿಗಳ ಆಸ್ಪತ್ರೆ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಬ್ರಡಾರ್‌ಗೆ ಹೋಲಿಸಿದರೆ ಶಾಖದ ಕಾಯಿಲೆಯ ಸಾಧ್ಯತೆ ಚೌ ಚೌ ತಳಿಗೆ ಸುಮಾರು 17 ಪಟ್ಟು, ಬುಲ್‌ಡಾಗ್‌ಗೆ ಸುಮಾರು 14 ಪಟ್ಟು, ಫ್ರೆಂಚ್ ಬುಲ್‌ಡಾಗ್‌ಗೆ ಸುಮಾರು 6 ಪಟ್ಟು ಎಂದು ಕಂಡುಬಂತು. ಈ ತಳಿಗಳನ್ನು ಸಾಕಿದವರು ಬೇಸಿಗೆಯಲ್ಲಿ ಬೇರೆಯವರ ನಾಯಿಯನ್ನು ನೋಡಿ ಅಳತೆ ಹಾಕಬಾರದು.

ತಳಿ ಯಾವುದೇ ಇರಲಿ, ಮೈ ಬೆಳೆಸಿಕೊಂಡ ನಾಯಿಗೆ ಅಪಾಯ ಹೆಚ್ಚು. ಕೊಬ್ಬು ಕಂಬಳಿಯಂತೆ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ವಯಸ್ಸಾದವು, ಎಳೆಯ ಮರಿಗಳು, ಹೃದಯ ಅಥವಾ ಶ್ವಾಸದ ತೊಂದರೆ ಇರುವವು, ದಟ್ಟ ತುಪ್ಪಳದವು ಕೂಡ ಇದೇ ಸಾಲಿಗೆ ಸೇರುತ್ತವೆ. ವಯಸ್ಸಾದ ದೊಡ್ಡ ನಾಯಿ ಉಸಿರೆಳೆದುಕೊಳ್ಳುವಾಗ ಕರಕರ ಸದ್ದು ಬರುತ್ತಿದ್ದರೆ, ಬೊಗಳುವ ದನಿ ಬದಲಾಗಿದ್ದರೆ ಗಂಟಲಿನ ಧ್ವನಿಪೆಟ್ಟಿಗೆ ಸರಿಯಾಗಿ ತೆರೆದುಕೊಳ್ಳುತ್ತಿಲ್ಲ ಎಂದಿರಬಹುದು. ಬೇಸಿಗೆಗೆ ಮೊದಲೇ ಪಶುವೈದ್ಯರಿಗೆ ತೋರಿಸಿ.

ಎಳೆಯ, ಗಟ್ಟಿಮುಟ್ಟಾದ, ಉತ್ಸಾಹಿ ನಾಯಿಯನ್ನು ಈ ಪಟ್ಟಿಯಿಂದ ಕೈಬಿಡಬೇಡಿ. ಓಡಿ ಓಡಿ ಕುಸಿದು ಬೀಳುವುದು ಹೆಚ್ಚಾಗಿ ಅಂಥದ್ದೇ.

ಹೆಜ್ಜೆ 2: ನಡಿಗೆ ಮತ್ತು ಆಟದ ಹೊತ್ತು ಬದಲಿಸಿ

ನಾಯಿಗೆ ಶಾಖಾಘಾತ ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬರುವುದು ಮುಚ್ಚಿದ ಕಾರು. ಕಾರು ಅಪಾಯವೇ, ಅದರ ಮಾತು ಮುಂದೆ ಬರುತ್ತದೆ. ಆದರೆ ಬ್ರಿಟನ್ನಿನ ಅದೇ ದಾಖಲೆಗಳ ಮೇಲೆ ಅದೇ ವರ್ಷ ನಡೆದ ಇನ್ನೊಂದು ವಿಶ್ಲೇಷಣೆಯಲ್ಲಿ, ಕಾರಣ ಗೊತ್ತಾದ ಪ್ರಕರಣಗಳ ಪೈಕಿ ಸುಮಾರು ಮುಕ್ಕಾಲು ಪಾಲು ವ್ಯಾಯಾಮದಿಂದ ಆದವು. ವಾಹನದೊಳಗೆ ಸಿಕ್ಕಿಕೊಂಡು ಆದವು ನೂರಕ್ಕೆ ಐದರಷ್ಟು ಮಾತ್ರ. ಈ ಅಂಕಿ ಓದಿದಾಗ ನನಗೆ ನಮ್ಮ ಚೆಂಡಾಟ ನೆನಪಾಯಿತು. ಓಡುವ ಸ್ನಾಯು ಒಲೆಯ ಹಾಗೆ ಒಳಗಿನಿಂದಲೇ ಬಿಸಿ ಹುಟ್ಟಿಸುತ್ತದೆ. ಹೊರಗಿನ ಬಿಸಿಲು ಅದರ ಮೇಲೆ ಸೇರುತ್ತದೆ. ನೆರಳಿನಲ್ಲಿ ಮಲಗಿದ ನಾಯಿಗೆ ತಾಳಿಕೊಳ್ಳಬಹುದಾದ ಧಗೆಯೇ ಓಡುವ ನಾಯಿಯನ್ನು ಕೆಡವಿಹಾಕಬಲ್ಲದು.

ನಡಿಗೆಗೆ ನಸುಕು ಎಲ್ಲಕ್ಕಿಂತ ಒಳ್ಳೆಯ ಹೊತ್ತು. ರಾತ್ರಿಯಿಡೀ ನೆಲ ಆರಿರುತ್ತದೆ, ಗಾಳಿ ತಂಪಾಗಿರುತ್ತದೆ. ಸಂಜೆ ಹಾಗಲ್ಲ. ಸೂರ್ಯ ಮುಳುಗಿದ ಮೇಲೂ ರಸ್ತೆ, ಗೋಡೆ, ಕಲ್ಲುಹಾಸು ಹಗಲು ಕುಡಿದ ಬಿಸಿಯನ್ನು ಗಂಟೆಗಟ್ಟಲೆ ಹೊರಗೆ ಉಗುಳುತ್ತಿರುತ್ತವೆ. ನಮ್ಮ ಮುಖಕ್ಕೆ ತಂಗಾಳಿ ತಾಗುತ್ತಿದ್ದರೂ, ನೆಲದಿಂದ ಗೇಣೆರಡು ಗೇಣು ಎತ್ತರದಲ್ಲಿ ನಡೆಯುವ ನಾಯಿಯ ಹೊಟ್ಟೆಗೆ ಝಳ ಹೊಡೆಯುತ್ತಿರುತ್ತದೆ. ಸಂಜೆಯೇ ಹೋಗಬೇಕಾದವರು ಕತ್ತಲಾಗಿ ಸಾಕಷ್ಟು ಹೊತ್ತು ಕಳೆಯಲಿ, ಮಣ್ಣು ಅಥವಾ ಹುಲ್ಲಿನ ದಾರಿ ಹಿಡಿಯಿರಿ.

ಬೇಸಿಗೆಯ ಮೊದಲ ವಾರಗಳು ನಡುಬೇಸಿಗೆಗಿಂತ ಮೋಸದವು. ನಾಯಿಯ ಮೈ ಧಗೆಗೆ ಹೊಂದಿಕೊಳ್ಳಲು ದಿನಗಳೇ ಬೇಕು, ಪೂರ್ತಿ ಹೊಂದಿಕೊಳ್ಳಲು ವಾರಗಳೇ ಹಿಡಿಯುತ್ತವೆ. ತಂಪು ಊರಿನಿಂದ ಬಿಸಿ ಊರಿಗೆ ಕರೆತಂದ ನಾಯಿಗೂ ಇದೇ ಮಾತು ಅನ್ವಯಿಸುತ್ತದೆ. ಆ ದಿನಗಳಲ್ಲಿ ಎಂದಿನ ನಡಿಗೆಯನ್ನು ಅರ್ಧಕ್ಕೆ ಇಳಿಸಿ, ನಿಧಾನವಾಗಿ ನಡೆಸಿ. ಸೈಕಲ್ ಜೊತೆ, ಓಟದ ಜೊತೆ ನಾಯಿಯನ್ನು ಕರೆದೊಯ್ಯುವ ಅಭ್ಯಾಸವನ್ನು ಬೇಸಿಗೆ ಮುಗಿಯುವವರೆಗೆ ಬಿಟ್ಟುಬಿಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಬೆಲ್ಟಿನ ಆ ತುದಿಯಲ್ಲಿರುವ ಪ್ರಾಣಿಗೆ ವೇಗ ತಗ್ಗಿಸುವ ಆಯ್ಕೆಯೇ ಇರುವುದಿಲ್ಲ.

ನಡೆಯುವಾಗ ಕಣ್ಣು ನಾಯಿಯ ಮೇಲಿರಲಿ. ಮೊದಲು ಮುಂದೆ ಎಳೆಯುತ್ತಿದ್ದದ್ದು ಪಕ್ಕಕ್ಕೆ ಬಂತೇ, ಪಕ್ಕದಲ್ಲಿದ್ದದ್ದು ಹಿಂದೆ ಬಿತ್ತೇ, ಸಿಕ್ಕ ಸಿಕ್ಕ ನೆರಳಿನಲ್ಲಿ ನಿಲ್ಲತೊಡಗಿತೇ? ಅಲ್ಲಿಗೆ ಆ ದಿನದ ನಡಿಗೆ ಮುಗಿಯಿತು. ‘ಇನ್ನೊಂದು ಸುತ್ತು’ ಎನ್ನಬೇಡಿ. ನೆರಳಿನಲ್ಲಿ ನಿಂತು ನೀರು ಕೊಟ್ಟು, ಉಸಿರು ನಿಧಾನವಾದ ಮೇಲೆ ಮನೆಯತ್ತ ಹೊರಡಿ.

ಒಂದು ದಿನ, ಹತ್ತು ದಿನ ನಡಿಗೆ ತಪ್ಪಿದರೆ ನಾಯಿಗೆ ಏನೂ ಆಗುವುದಿಲ್ಲ. ತಲೆಗೆ ಕೆಲಸ ಕೊಟ್ಟರೆ ಅದು ಕಾಲಿನಷ್ಟೇ ದಣಿಯುತ್ತದೆ. ತಿಂಡಿಯ ಚೂರುಗಳನ್ನು ಹಳೆಯ ಬಟ್ಟೆಯ ಮಡಿಕೆಗಳಲ್ಲಿ ಸುತ್ತಿಟ್ಟು ಮೂಸಿ ಹುಡುಕಲು ಬಿಡಿ. ಮನೆಯ ಮೂಲೆಗಳಲ್ಲಿ ಅಡಗಿಸಿಡಿ. ಹದಿನೈದು ನಿಮಿಷ ಮೂಗು ಕೆಲಸ ಮಾಡಿದರೆ ಅದೇ ತೃಪ್ತಿಯಿಂದ ಮಲಗುತ್ತದೆ.

ಹೆಜ್ಜೆ 3: ಹೊರಡುವ ಮುನ್ನ ನೆಲ ಮುಟ್ಟಿ

ಅಂಗೈಯ ಹಿಂಬದಿಯನ್ನು ರಸ್ತೆಯ ಮೇಲಿಟ್ಟು ಏಳು ಎಣಿಸಿ. ಅಷ್ಟು ಹೊತ್ತು ಇಡಲಾಗದಿದ್ದರೆ ನಾಯಿಯೂ ಅಲ್ಲಿ ನಡೆಯಬಾರದು. ಗಾಳಿಯ ತಾಪ 25 ಡಿಗ್ರಿ ಇದ್ದಾಗಲೇ ನೇರ ಬಿಸಿಲಿಗೆ ಬಿದ್ದ ಡಾಂಬರು 50 ಡಿಗ್ರಿ ದಾಟಬಲ್ಲದು, ಆ ಬಿಸಿಗೆ ಒಂದು ನಿಮಿಷದಲ್ಲೇ ಚರ್ಮ ಸುಡಬಹುದು. ಕಾಂಕ್ರೀಟ್, ಮರಳು, ಲೋಹದ ಮುಚ್ಚಳ, ಕೃತಕ ಹುಲ್ಲು ಕೂಡ ಹಾಗೆಯೇ ಕಾಯುತ್ತವೆ. ಕೃತಕ ಹುಲ್ಲು ಹಸಿರಾಗಿ ಕಾಣುವುದರಿಂದ ಮೋಸ ಹೋಗುವವರು ಹೆಚ್ಚು.

ನಡೆದು ಬಂದ ಮೇಲೆ ನಾಯಿ ಪಾದ ನೆಕ್ಕುತ್ತಿದ್ದರೆ, ಕುಂಟುತ್ತಿದ್ದರೆ, ಅಂಗಾಲಿನ ಬಣ್ಣ ಕಪ್ಪೇರಿದ್ದರೆ ಅಥವಾ ಗುಳ್ಳೆ ಎದ್ದಿದ್ದರೆ ಸುಟ್ಟಿದೆ ಎಂದೇ ತಿಳಿಯಿರಿ. ತಣ್ಣೀರಿನಲ್ಲಿ ಹತ್ತು ನಿಮಿಷವಾದರೂ ಪಾದ ನೆನೆಸಿ, ನೆಕ್ಕಲು ಬಿಡದೆ ವೈದ್ಯರಿಗೆ ತೋರಿಸಿ. ಮನೆಯಲ್ಲಿರುವ ಮುಲಾಮುಗಳನ್ನು ಹಚ್ಚಬೇಡಿ. ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ.

ಹೆಜ್ಜೆ 4: ನೀರು

ನಾಯಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಬೇಕು. 20 ಕಿಲೋ ನಾಯಿಗೆ ಒಂದು ಲೀಟರಿಗಿಂತ ತುಸು ಹೆಚ್ಚು. ಧಗೆಯಲ್ಲಿ ಇದು ಇನ್ನೂ ಏರುತ್ತದೆ, ಏಕೆಂದರೆ ತೇಕುವುದೆಂದರೆ ಮೈಯ ನೀರನ್ನು ಗಾಳಿಗೆ ಬಿಡುವುದೇ. ಒಂದು ಬಟ್ಟಲಿನ ಬದಲು ಮನೆಯ ಎರಡು ಮೂರು ಕಡೆ ಇಡಿ. ಮಗುಚದಂತಹ ಭಾರವಾದ, ಅಗಲ ತಳದ ಪಾತ್ರೆ ಇರಲಿ. ಲೋಹದ ಪಾತ್ರೆಯನ್ನು ಬಿಸಿಲಿನಲ್ಲಿಟ್ಟರೆ ನೀರು ಕಾದು ನಾಯಿ ಮೂಸಿ ಹೊರಟುಹೋಗುತ್ತದೆ. ದಿನಕ್ಕೆ ಎರಡು ಮೂರು ಸಲ ಬದಲಿಸಿ, ಪಾತ್ರೆಯ ಒಳಗೋಡೆಯಲ್ಲಿ ಕೂರುವ ಲೋಳೆಯನ್ನು ಉಜ್ಜಿ ತೊಳೆಯಿರಿ.

ನೀರು ಕುಡಿಯುವುದು ಕಡಿಮೆ ಎನಿಸಿದರೆ ಊಟಕ್ಕೇ ನೀರು ಬೆರೆಸಿ. ಮೈಯಲ್ಲಿ ನೀರು ಕಡಿಮೆಯಾಗಿದೆಯೇ ಎಂದು ತಿಳಿಯಲು ವಸಡು ಮುಟ್ಟಿ ನೋಡಿ. ಜಾರುವಂತೆ ಒದ್ದೆಯಾಗಿದ್ದರೆ ಸರಿ, ಬೆರಳಿಗೆ ಅಂಟಿದರೆ ನೀರು ಸಾಲದು. ಹೆಗಲಿನ ಮೇಲಿನ ಚರ್ಮ ಹಿಡಿದೆತ್ತಿ ಬಿಟ್ಟಾಗ ತಟ್ಟನೆ ಮರಳಬೇಕು, ಡೇರೆಯಂತೆ ನಿಂತರೆ ವೈದ್ಯರ ಬಳಿ ಹೋಗಬೇಕು.

ಮಂಜುಗಡ್ಡೆ ಹಾಕಿದ ನೀರು ನಾಯಿಯನ್ನು ಕೊಲ್ಲುತ್ತದೆ ಎಂಬ ಸುದ್ದಿ ಪ್ರತಿ ಬೇಸಿಗೆಯಲ್ಲೂ ಮೊಬೈಲ್‌ಗಳಲ್ಲಿ ಹರಿದಾಡುತ್ತದೆ. ಅದು ನಿಜವಲ್ಲ. ತಣ್ಣನೆಯ ನೀರನ್ನು ಧೈರ್ಯವಾಗಿ ಕೊಡಿ. ದೊಡ್ಡ ಗಡ್ಡೆ ಕಚ್ಚಿದರೆ ಹಲ್ಲು ಬಿರಿಯಬಹುದು, ಅಷ್ಟೇ ಎಚ್ಚರ ಸಾಕು. ಮನುಷ್ಯರ ಕ್ರೀಡಾ ಪಾನೀಯಗಳು, ಸಕ್ಕರೆಯ ಪಾನೀಯಗಳು ಬೇಡ.

ಬಾಗಿಲ ಹೊರಗೆ ಬೀದಿ ನಾಯಿಗಳಿಗೂ ಒಂದು ಪಾತ್ರೆ ನೀರಿಡಿ. ನೆರಳಿನಲ್ಲಿ, ವಾಹನ ಓಡಾಡದ ಕಡೆ ಇರಲಿ. ದಿನವೂ ಚೆಲ್ಲಿ ಹೊಸ ನೀರು ತುಂಬಿದರೆ ಸೊಳ್ಳೆ ಮರಿ ಮಾಡುವುದಿಲ್ಲ. ಅವುಗಳಿಗೆ ನೆರಳು ಹುಡುಕುವುದು ಗೊತ್ತು, ಆದರೆ ಡಾಂಬರು, ಕಾಂಕ್ರೀಟ್ ಮುಚ್ಚಿದ ಬೀದಿಗಳಲ್ಲಿ ನೀರು ಹುಡುಕುವುದು ಅವುಗಳ ಕೈಯಲ್ಲಿಲ್ಲ. ಮಲಗಿದ ಜಾಗದಿಂದ ಅವುಗಳನ್ನು ಎಬ್ಬಿಸಿ ಓಡಿಸದಿರುವುದೂ ಒಂದು ಉಪಕಾರವೇ.

ಹೆಜ್ಜೆ 5: ಮನೆಯೊಳಗಿನ ಏರ್ಪಾಡು

ಹಗಲಿನಲ್ಲಿ ಬಿಸಿಲು ಬೀಳುವ ಬದಿಯ ಪರದೆ ಎಳೆದಿಡಿ, ರಾತ್ರಿ ತಂಪಾದ ಮೇಲೆ ಕಿಟಕಿ ತೆರೆಯಿರಿ. ನಾಯಿಗೆ ಬರಿನೆಲ ಬಿಟ್ಟುಕೊಡಿ. ಅದು ತನ್ನ ಮೆತ್ತನೆಯ ಹಾಸಿಗೆ ಬಿಟ್ಟು ಬಚ್ಚಲುಮನೆಯ ಬಾಗಿಲಲ್ಲಿ ಹೊಟ್ಟೆ ಹಚ್ಚಿ ಮಲಗುತ್ತಿದ್ದರೆ ಅಡ್ಡಿಪಡಿಸಬೇಡಿ. ತುಪ್ಪಳ ತೆಳುವಾಗಿರುವ ಹೊಟ್ಟೆಯಿಂದ ತಣ್ಣನೆಯ ನೆಲಕ್ಕೆ ಬಿಸಿ ಇಳಿಯುತ್ತದೆ.

ಫ್ಯಾನಿನ ಬಗ್ಗೆ ಒಂದು ಮಾತು. ಫ್ಯಾನು ನಮ್ಮನ್ನು ತಂಪಾಗಿಸುವುದು ಬೆವರನ್ನು ಆರಿಸುವುದರಿಂದ. ಬೆವರದ ನಾಯಿಯ ಒಣ ತುಪ್ಪಳಕ್ಕೆ ಬಿಸಿಗಾಳಿ ಬೀಸಿದರೆ ಹೆಚ್ಚು ಪ್ರಯೋಜನವಿಲ್ಲ. ಹೊಟ್ಟೆ, ತೊಡೆಸಂದಿ, ಕಂಕುಳು, ಪಾದಗಳನ್ನು ನೀರಿನಿಂದ ಒದ್ದೆ ಮಾಡಿ ಆಮೇಲೆ ಫ್ಯಾನು ಹಾಕಿ. ಆಗ ನಾಯಿಗೂ ಬೆವರಿದಂತೆಯೇ ಆಗುತ್ತದೆ. ಬೆನ್ನಿನ ಮೇಲೆ ಮಾತ್ರ ಚಿಮುಕಿಸಿದರೆ ನೀರು ದಟ್ಟ ತುಪ್ಪಳದ ಮೇಲ್ಪದರದಲ್ಲೇ ಉಳಿಯುತ್ತದೆ, ಬೆರಳಾಡಿಸಿ ಚರ್ಮಕ್ಕೆ ತಲುಪಿಸಬೇಕು. ತಂಪು ಮಾಡುವ ಜಾಕೆಟ್‌ಗಳ ತತ್ವವೂ ಇದೇ. ಒಣಗಿದ ಮೇಲೂ ಹಾಗೇ ಬಿಟ್ಟರೆ ಅದು ಬರಿಯ ಇನ್ನೊಂದು ಅಂಗಿಯಾಗಿ ಮೈಯನ್ನು ಬೇಯಿಸುತ್ತದೆ.

ಊಟವನ್ನು ತಂಪು ಹೊತ್ತಿಗೆ ಬದಲಿಸಿ. ನಾಯಿ ಬೇಸಿಗೆಯಲ್ಲಿ ತುಸು ಕಡಿಮೆ ತಿಂದರೆ ಗಾಬರಿ ಬೇಡ, ಒಂದು ದಿನ ಪೂರ್ತಿ ಏನೂ ಮುಟ್ಟದಿದ್ದರೆ ವಿಚಾರಿಸಿ. ಮಾಳಿಗೆಯ ಮೇಲೆ, ತಗಡಿನ ಗೂಡಿನಲ್ಲಿ, ಕಟ್ಟಿಹಾಕಿದ ಸರಪಳಿಯಲ್ಲಿ ಹಗಲು ಕಳೆಯುವ ನಾಯಿಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಹನ್ನೊಂದಕ್ಕೆ ನೆರಳಿದ್ದ ಜಾಗ ಎರಡು ಗಂಟೆಗೆ ಬಿಸಿಲಾಗುತ್ತದೆ, ಸರಪಳಿ ಮಾತ್ರ ಅಷ್ಟೇ ಉದ್ದ ಇರುತ್ತದೆ. ದಯವಿಟ್ಟು ಒಳಗೆ ಬಿಟ್ಟುಕೊಳ್ಳಿ.

ಹೆಜ್ಜೆ 6: ತುಪ್ಪಳ ಬೋಳಿಸಬೇಡಿ, ಬಾಚಿ

ಹಸ್ಕಿ, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ಪೊಮೇರಿಯನ್ ತಳಿಗಳಿಗೆ ಎರಡು ಪದರದ ತುಪ್ಪಳ ಇರುತ್ತದೆ. ಒಳಪದರ ಮೃದು, ಹೊರಪದರ ಒರಟು. ಬೋಳಿಸಿದರೆ ಚರ್ಮ ನೇರ ಬಿಸಿಲಿಗೆ ಬೀಳುತ್ತದೆ, ಕೆಲವಕ್ಕೆ ಕೂದಲು ಮತ್ತೆ ಮೊದಲಿನಂತೆ ಬೆಳೆಯುವುದೇ ಇಲ್ಲ. ಬೇಕಾದದ್ದು ದಿನವೂ ಬಾಚಿ ಉದುರಿದ ಒಳಪದರವನ್ನು ತೆಗೆಯುವುದು. ಗಂಟುಗಟ್ಟಿದ ಕೂದಲಿನಡಿ ಗಾಳಿಯಾಡದೆ ಹುಣ್ಣಾಗುತ್ತದೆ. ಬಾಚುವಾಗಲೇ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣಿ ಹುಳುಗಳಿವೆಯೇ ನೋಡಿ, ಬೇಸಿಗೆಯಲ್ಲಿ ಅವು ಬಲು ಬೇಗ ಹೆಚ್ಚುತ್ತವೆ. ಬಿಳಿ ಮೂಗು, ಬಿಳಿ ಕಿವಿ, ಕೂದಲಿಲ್ಲದ ಹೊಟ್ಟೆ ಬಿಸಿಲಿಗೆ ಸುಡಬಹುದು. ಮನುಷ್ಯರ ಸನ್‌ಸ್ಕ್ರೀನ್ ಹಚ್ಚಬೇಡಿ, ಅದರಲ್ಲಿರಬಹುದಾದ ಝಿಂಕ್ ನೆಕ್ಕಿದ ನಾಯಿಗೆ ವಿಷ.

ಹೆಜ್ಜೆ 7: ನಿಂತ ಕಾರಿನಲ್ಲಿ ಒಂದು ನಿಮಿಷವೂ ಬೇಡ

ಹೊರಗೆ 24 ಡಿಗ್ರಿಯ ಹಿತವಾದ ಹವೆ ಇದ್ದರೂ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 34, ಅರ್ಧ ಗಂಟೆಯಲ್ಲಿ ಸುಮಾರು 43 ಡಿಗ್ರಿ ಆಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಒಂದು ಗಂಟೆಯಲ್ಲಿ ಏರುವ ಬಿಸಿಯ ಶೇಕಡ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಏರಿತು. ಕಿಟಕಿಯನ್ನು ತುಸು ಇಳಿಸಿದ್ದರಿಂದ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. ‘ಹೀಗೆ ಹೋಗಿ ಹಾಗೆ ಬರುತ್ತೇನೆ’ ಎಂದು ಹೊರಟವರು ಸಾಲಿನಲ್ಲಿ ಸಿಕ್ಕಿಬೀಳುತ್ತಾರೆ. ಇಳಿಯುವಲ್ಲಿ ನಾಯಿಗೆ ಪ್ರವೇಶವಿಲ್ಲದಿದ್ದರೆ ಮನೆಯಲ್ಲೇ ಬಿಟ್ಟು ಹೋಗಿ.

ಹೆಜ್ಜೆ 8: ಲಕ್ಷಣಗಳನ್ನು ಮೊದಲೇ ಗುರುತಿಸಿ

ಸಾಧಾರಣ ತೇಕುವಿಕೆ ನೆರಳಿಗೆ ಬಂದು ಕೆಲವು ನಿಮಿಷಗಳಲ್ಲಿ ಇಳಿಯಬೇಕು. ಇಳಿಯದೆ ಇನ್ನೂ ಜೋರಾದರೆ, ನಾಲಿಗೆಯ ತುದಿ ಅಗಲಿಸಿ ಮಡಿಚಿಕೊಂಡರೆ, ಜೊಲ್ಲು ಅಂಟಿನಂತೆ ದಪ್ಪಗಾದರೆ, ವಸಡು ಕಡುಗೆಂಪಾದರೆ ಆಗಲೇ ತಂಪು ಮಾಡಲು ತೊಡಗಿ. ಸಾಕಷ್ಟು ಜನ ಈ ಹಂತದಲ್ಲಿ ‘ಸುಸ್ತಾಗಿದೆ, ಮಲಗಲಿ’ ಎಂದು ಬಿಡುತ್ತಾರೆ.

ಹೆಜ್ಜೆ ತಪ್ಪಿ ತೂರಾಡುವುದು, ಕರೆದರೆ ಓಗೊಡದಿರುವುದು, ಕಣ್ಣು ಶೂನ್ಯದಲ್ಲಿ ನೆಡುವುದು, ವಾಂತಿ, ರಕ್ತ ಬೆರೆತ ಭೇದಿ, ಕುಸಿದು ಬೀಳುವುದು, ಸೆಳವು ಬರುವುದು, ಇವೆಲ್ಲ ಮೆದುಳಿಗೆ, ಕರುಳಿಗೆ ಪೆಟ್ಟು ಬಿದ್ದಿರುವ ಗುರುತು. ಕೆಂಪಗಿದ್ದ ವಸಡು ಬಿಳಿಚಿಕೊಂಡರೆ ಅಥವಾ ನೀಲಿಗಟ್ಟಿದರೆ ಸ್ಥಿತಿ ಕೈಮೀರುತ್ತಿದೆ ಎಂದರ್ಥ. ಕಪ್ಪು ವಸಡಿನ ನಾಯಿಯಾದರೆ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಒಳಭಾಗದ ಬಣ್ಣ ನೋಡಿ. ನಾಯಿ ಆರೋಗ್ಯವಾಗಿರುವಾಗಲೇ ಈ ಬಣ್ಣಗಳನ್ನು ಒಮ್ಮೆ ಕಣ್ತುಂಬ ನೋಡಿಟ್ಟುಕೊಳ್ಳಿ. ಸಹಜ ಬಣ್ಣ ಗೊತ್ತಿಲ್ಲದವರಿಗೆ ಬದಲಾವಣೆ ಕಾಣುವುದಿಲ್ಲ.

ಹೆಜ್ಜೆ 9: ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಹೊರಡಿ

ಗಾಬರಿಯಲ್ಲಿ ನಾಯಿಯನ್ನು ಎತ್ತಿಕೊಂಡು ಕಾರಿಗೆ ಹಾಕಿ ಓಡುವುದು ಮನುಷ್ಯ ಸಹಜ. ಆದರೆ ದಾರಿಯಲ್ಲಿ ಕಳೆಯುವ ಪ್ರತಿ ನಿಮಿಷವೂ ಒಳಗಿನ ಅಂಗಗಳು ಬೇಯುತ್ತಲೇ ಇರುತ್ತವೆ. ಬ್ರಿಟನ್ನಿನ ಪಶುವೈದ್ಯ ಸಂಶೋಧಕರು 2023ರಲ್ಲಿ ಪ್ರಕಟಿಸಿದಂತೆ, ಆಸ್ಪತ್ರೆಗೆ ತರುವ ಮುನ್ನ ತಂಪು ಮಾಡಿದ್ದು ಐದು ನಾಯಿಗಳಲ್ಲಿ ಸುಮಾರು ಒಂದಕ್ಕೆ ಮಾತ್ರ. ಇರುವಲ್ಲೇ, ಸಿಗುವ ನೀರಿನಿಂದಲೇ ಶುರುಮಾಡಿ. ಇನ್ನೊಬ್ಬರಿದ್ದರೆ ಆ ಹೊತ್ತಿಗೆ ಅವರು ಆಸ್ಪತ್ರೆಗೆ ಫೋನ್ ಮಾಡಲಿ.

ನೆರಳಿಗೆ ಸಾಗಿಸಿ, ಕುತ್ತಿಗೆಯ ಪಟ್ಟಿ, ಮೈಪಟ್ಟಿ ಬಿಚ್ಚಿ. ಎಳೆಯ, ಬೇರೆ ಕಾಯಿಲೆ ಇಲ್ಲದ, ಎಚ್ಚರವಿರುವ ನಾಯಿಯನ್ನು ತೊಟ್ಟಿಯಲ್ಲೋ ಟಬ್‌ನಲ್ಲೋ ತಣ್ಣೀರಿನಲ್ಲಿ ಕತ್ತಿನವರೆಗೆ ಇಳಿಸಬಹುದು, ತಲೆಯನ್ನು ಕೈಯಲ್ಲಿ ಎತ್ತಿ ಹಿಡಿದಿರಬೇಕು. ವಯಸ್ಸಾದ, ಕಾಯಿಲೆಯ, ಚಪ್ಪಟೆ ಮೂತಿಯ ಅಥವಾ ಪ್ರಜ್ಞೆ ಕಳೆದುಕೊಳ್ಳುತ್ತಿರುವ ನಾಯಿಯಾದರೆ ಮುಳುಗಿಸದೆ ಮೈಮೇಲೆ ಎಡೆಬಿಡದೆ ನೀರು ಸುರಿಯುತ್ತ, ಫ್ಯಾನು, ರಟ್ಟು, ಸಿಕ್ಕಿದ್ದರಿಂದ ಗಾಳಿ ಬೀಸಿ. ಮೂಗು, ಬಾಯಿಯೊಳಗೆ ನೀರು ಹೋಗದಿರಲಿ. ಪೈಪಿನಿಂದ ಮೊದಲು ಬರುವ ನೀರು ಬಿಸಿಲಿಗೆ ಕಾದು ಸುಡುವಂತಿರುತ್ತದೆ, ಅದನ್ನು ಹರಿಯಬಿಟ್ಟು ಕೈಯಿಂದ ಮುಟ್ಟಿ ನೋಡಿ ಆಮೇಲೆ ನಾಯಿಯತ್ತ ತಿರುಗಿಸಿ.

ತಣ್ಣೀರು ಹಾಕಿದರೆ ರಕ್ತನಾಳ ಕುಗ್ಗಿ ಬಿಸಿ ಒಳಗೇ ಉಳಿಯುತ್ತದೆ, ಉಗುರುಬೆಚ್ಚಗಿನ ನೀರೇ ಆಗಬೇಕು ಎಂಬ ಹಳೆಯ ಸಲಹೆಯನ್ನು ಈಗಲೂ ಅನೇಕರು ಕೊಡುತ್ತಾರೆ. ಅದಕ್ಕಾಗಿ ನೀರು ಹದಮಾಡುತ್ತ ಹೊತ್ತು ಕಳೆಯಬೇಡಿ. ನಾಯಿಯ ಮೈಗಿಂತ ತಂಪಾದ ಯಾವ ನೀರಾದರೂ ನಡೆಯುತ್ತದೆ. ಒದ್ದೆ ಟವೆಲ್ ಹೊದಿಸುವುದು ಮಾತ್ರ ತಪ್ಪು. ಕ್ಷಣದಲ್ಲಿ ಅದು ಮೈಬಿಸಿಗೆ ಕಾದು ಹಬೆಯ ಹೊದಿಕೆಯಾಗುತ್ತದೆ, ಗಾಳಿ ತಾಗುವುದನ್ನೂ ತಡೆಯುತ್ತದೆ. ಕೆಳಗೆ ಹಾಸಲು ಟವೆಲ್ ಬಳಸಿ.

ಎಚ್ಚರವಿದ್ದು ತಾನಾಗಿ ಕುಡಿದರೆ ಸ್ವಲ್ಪ ಸ್ವಲ್ಪ ನೀರು ಕೊಡಿ. ಬಾಯಿಗೆ ಒತ್ತಾಯದಿಂದ ಹಾಕಿದರೆ ಶ್ವಾಸಕೋಶಕ್ಕೆ ಇಳಿಯಬಹುದು. ಜ್ವರದ ಮಾತ್ರೆ ಎಂದೂ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ಅಪಾಯಕಾರಿ, ಮೇಲಾಗಿ ಇದು ಜ್ವರವೂ ಅಲ್ಲದ್ದರಿಂದ ಅವುಗಳಿಂದ ಉಪಯೋಗವೂ ಇಲ್ಲ. ಥರ್ಮಾಮೀಟರ್ ಇದ್ದರೆ ಗುದದ್ವಾರದಲ್ಲಿಟ್ಟು ಕೆಲವು ನಿಮಿಷಕ್ಕೊಮ್ಮೆ ನೋಡಿ, 39.5 ಡಿಗ್ರಿಗೆ ಇಳಿದ ಕೂಡಲೇ ನೀರು ಹಾಕುವುದನ್ನು ನಿಲ್ಲಿಸಿ. ಮುಂದುವರಿಸಿದರೆ ಮೈ ಅತಿಯಾಗಿ ತಣ್ಣಗಾಗುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಉಸಿರು ನಿಧಾನವಾಗಿ, ಕಣ್ಣು ನಿಮ್ಮನ್ನು ಗುರುತಿಸುವವರೆಗೆ ಅಥವಾ ನಡುಕ ಶುರುವಾಗುವವರೆಗೆ ತಂಪು ಮಾಡಿ, ಆಮೇಲೆ ಹೊರಡಿ. ದಾರಿಯಲ್ಲಿ ಕಾರಿನ ಎಸಿ ಹಾಕಿ ಅಥವಾ ಕಿಟಕಿ ಪೂರ್ತಿ ಇಳಿಸಿ, ಒದ್ದೆ ಮೈಗೆ ಗಾಳಿ ತಾಗುತ್ತಿರಲಿ.

ಎದ್ದು ಕುಳಿತು ಬಾಲ ಅಲ್ಲಾಡಿಸಿದರೂ ವೈದ್ಯರ ಬಳಿ ಹೋಗುವುದನ್ನು ಬಿಡಬೇಡಿ. ಮೂತ್ರಪಿಂಡದ ವೈಫಲ್ಯ, ರಕ್ತ ಹೆಪ್ಪುಗಟ್ಟುವಿಕೆಯ ದೋಷ, ಯಕೃತ್ತಿನ ಹಾನಿ ಇವೆಲ್ಲ ಒಂದರಿಂದ ಮೂರು ದಿನಗಳ ನಂತರವೂ ಕಾಣಿಸಿಕೊಳ್ಳಬಹುದು. ರಕ್ತ ಪರೀಕ್ಷೆ ಮಾಡಿಸಿ, ಉಳಿಸಿಕೊಳ್ಳುತ್ತೇವೆ ಎಂದರೆ ಒಪ್ಪಿಕೊಳ್ಳಿ. ಮನೆಗೆ ಕಳುಹಿಸಿದರೆ ಮೂರು ದಿನ ಮೂತ್ರದ ಬಣ್ಣ ಮತ್ತು ಪ್ರಮಾಣ, ಮಲದಲ್ಲಿ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳು ಇವೆಯೇ ಎಂದು ನೋಡುತ್ತಿರಿ. ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಅಥವಾ ಬರುವುದೇ ನಿಂತರೆ ಅದೇ ಗಳಿಗೆಯಲ್ಲಿ ಮತ್ತೆ ಆಸ್ಪತ್ರೆಗೆ ಹೊರಡಿ. ಮತ್ತೆ ಯಾವಾಗ ಹೊರಗೆ ನಡೆಸಬಹುದು ಎಂಬುದನ್ನು ವೈದ್ಯರನ್ನೇ ಕೇಳಿ, ಅಲ್ಲಿಯವರೆಗೆ ಬಹಿರ್ದೆಸೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಹೊರಗೆ ಕರೆದೊಯ್ಯಬೇಡಿ.